ಸೈಕಲ್ ಕಥೆ, ಭಾಗ 4: ಅದು ಗೀರಲ್ಲ
ಮೊದಲ ಫೋಟೋ ನಮ್ಮ ತಾತನ ಸೈಕಲ್. ಎರಡನೇದು ಅದರ ಕೆಳಗಿನ ಪೈಪು, ಹ್ಯಾಂಡಲ್ ಹತ್ರ ಸೇರೋ ಜಾಗ. ಝೂಮ್ ಮಾಡಿ. ಬಣ್ಣದಲ್ಲಿ ಕೂದಲೆಳೆಯಷ್ಟು ಗೆರೆ ಕಾಣ್ತಿದೆಯಾ? ಗೀರು ಅಂದ್ಕೊಂಡು ಎರಡು ತಿಂಗಳು ಅದರಲ್ಲೇ ಕಾಲೇಜಿಗೆ ಬಂದೆ, ಹಿಂದೆ ತಂಗೀನ ಕೂರಿಸ್ಕೊಂಡು. ಅದು ಬಿರುಕು.

ಸರಿಯಾಗಿ ಅಲ್ಲೇ ಯಾಕೆ ಬಿಡ್ತು ಅನ್ನೋದಕ್ಕೆ ಒಂದು ಹಳೇ ಕಥೆ ಇದೆ.

1870ರ ದಶಕದ ಇಂಗ್ಲೆಂಡಲ್ಲಿ ಸೈಕಲ್ ಅಂದ್ರೆ ಮುಂದೆ ಎದೆಯೆತ್ತರದ ಚಕ್ರ, ಹಿಂದೆ ಪುಟ್ಟದೊಂದು. ಕಲ್ಲು ಅಡ್ಡ ಸಿಕ್ಕಿದ್ರೆ ಸವಾರ ತಲೆಕೆಳಗಾಗಿ ಮುಂದಕ್ಕೆ. 1885ರಲ್ಲಿ ಕೊವೆಂಟ್ರಿಯ ಜಾನ್ ಕೆಂಪ್ ಸ್ಟಾರ್ಲಿ ‘ರೋವರ್’ ತಂದ. ಹೆಚ್ಚುಕಡಿಮೆ ಸಮ ಚಕ್ರಗಳು, ಹಿಂದಿನ ಚಕ್ರಕ್ಕೆ ಚೈನು. ಇಂಥವನ್ನ ‘ಸೇಫ್ಟಿ ಬೈಸಿಕಲ್’ ಅಂತಿದ್ರು. ಆ ‘ಸೇಫ್ಟಿ’ ಬೀಳೋ ಎತ್ತರದ ಲೆಕ್ಕ ಅಷ್ಟೇ. ಕೆಲವೇ ವರ್ಷದಲ್ಲಿ ಫ್ರೇಮು ವಜ್ರದಾಕಾರಕ್ಕೆ ಬಂತು, ಇವತ್ತಿಗೂ ಅದೇ.

ಆಮೇಲೆ ಹೊಸ ತಲೆನೋವು. ಸೈಕಲ್ ಹಗುರ ಆಗ್ಬೇಕು ಅಂದ್ರೆ ಪೈಪ್ ತೆಳು ಇರ್ಬೇಕು, ತೆಳು ಪೈಪು ಜೋಡಣೆ ಹತ್ರ ಮುರಿಯುತ್ತೆ. ಗುಂಡಿಯ ಪೆಟ್ಟು, ಬ್ರೇಕಿನ ಎಳೆತ ಎಲ್ಲಾ ಬಂದು ಸೇರೋದು ಅಲ್ಲೇ. ಬರ್ಮಿಂಗ್‌ಹ್ಯಾಮಲ್ಲಿ ಮೊಳೆ ಮಾಡ್ತಿದ್ದ ರೆನಾಲ್ಡ್ಸ್ ಕಂಪನಿಯ (ಹೌದು, ಮೊಳೆ!) ಆಲ್ಫ್ರೆಡ್ ರೆನಾಲ್ಡ್ಸ್ ಇದಕ್ಕೊಂದು ದಾರಿ ಹುಡುಕಿದ. 1897ರ ಪೇಟೆಂಟ್. ಹೊರಗಿಂದ ನೋಡಿದ್ರೆ ಪೈಪು ಒಂದೇ ಸಮ, ಒಳಗೆ ಮಾತ್ರ ತುದಿಗಳಲ್ಲಿ ಲೋಹ ದಪ್ಪ, ನಡುವೆ ತೆಳು. ನನ್ನ ಪ್ರಕಾರ ಇವನು ಸ್ಟಾರ್ಲಿಗೆ ಏನೂ ಕಮ್ಮಿ ಇಲ್ಲ, ಆದ್ರೆ ಯಾರೂ ಹೆಸರೇ ಹೇಳಲ್ಲ.

ಕಾಮರ್ಸ್‌ನೋರಿಗೆ ಒಂದು ಮಾತು: 1928ರಲ್ಲಿ ರೆನಾಲ್ಡ್ಸ್ ಸೇರಿದ್ದು ಟ್ಯೂಬ್ ಇನ್ವೆಸ್ಟ್‌ಮೆಂಟ್ಸ್ ಗುಂಪಿಗೆ. ಅದೇ ಗುಂಪು 1949ರಲ್ಲಿ ಮುರುಗಪ್ಪ ಮನೆತನದ ಜೊತೆ ಸೇರಿ ಮದರಾಸಲ್ಲಿ ಸೈಕಲ್ ಕಂಪನಿ ಶುರು ಮಾಡ್ತು. ನಮ್ಮ ಕಡೆಯ ಹರ್ಕ್ಯುಲಿಸ್‌ಗಳು ಅಲ್ಲಿಂದ ಬಂದವು. ಈ ಭಾರದ ಸೈಕಲ್‌ಗಳಲ್ಲಿ ಪೈಪೇ ದಪ್ಪ, ನಿಜ. ಆದ್ರೆ ಹಾಲಿನ ಕ್ಯಾನು, ಹುಲ್ಲಿನ ಹೊರೆ, ಬಾರ್ ಮೇಲೆ ಮಗು ಅಂತ ನಮ್ಮೋರು ಎತ್ತಿನಗಾಡಿ ಥರ ದುಡಿಸಿದ್ರು. ಒತ್ತಡ ಸೇರೋದು ಮತ್ತದೇ ಜೋಡಣೆಗೆ.

ಹಾಗಾಗಿ ಸೈಕಲ್ ಒರೆಸುವಾಗ ಜೋಡಣೆಗಳನ್ನ ನೋಡಿ. ಹ್ಯಾಂಡಲ್ ಕೆಳಗೆ, ಪೆಡಲ್ ಅಚ್ಚಿನ ಸುತ್ತ, ಸೀಟಿನ ಕೆಳಗೆ. ಗೆರೆ ಮೇಲೆ ಉಗುರು ಎಳೀರಿ. ಉಗುರು ಸಿಕ್ಕಿಹಾಕ್ಕೊಂಡ್ರೆ, ಗೆರೆಯಿಂದ ತುಕ್ಕು ಇಣುಕಿದ್ರೆ, ಹತ್ತೋದು ಬಿಡಿ. ಎಲ್ಲಾದ್ರೂ ಗುದ್ದಿದ್ಮೇಲೆ ಹ್ಯಾಂಡಲ್ ಹತ್ರ ಬಣ್ಣ ಸುಕ್ಕಾಗಿದ್ರೆ ಪೈಪೇ ಬಾಗಿರ್ಬಹುದು. ಮಳೆನೀರು ಸೀಟಿನ ಪೈಪಿಂದ ಇಳಿದು ಕೆಳಗೆ ನಿಲ್ಲುತ್ತೆ, ತುಕ್ಕು ಒಳಗಿಂದ ತಿನ್ನುತ್ತೆ. ಮಳೆಗಾಲ ಮುಗಿದ್ಮೇಲೆ ಸೀಟು ಕಳಚಿ, ಸೈಕಲ್ ತಲೆಕೆಳಗೆ ಮಾಡಿ, ಒಣಗಿಸಿ ಎಣ್ಣೆ ಬಿಡಿ.

ವೆಲ್ಡಿಂಗ್ ಅಂಗಡಿಯಲ್ಲಿ ‘ಒಂದು ಚುಕ್ಕಿ ಹೊಡೆದು ಬಣ್ಣ ಬಳಿದ್ರಾಯ್ತು’ ಅಂದ್ರು. ತಾತ ಬಿರುಕಿನ ಮೇಲೆ ಬೆರಳಿಟ್ಟು ಸುಮ್ನೆ ನಿಂತ್ರು. ‘ಆ ಪೈಪನ್ನೇ ಬದಲಾಯಿಸೋರು ಸಿಗೋವರ್ಗೂ ಮುಟ್ಬೇಡ ಕಣೋ’ ಅಂದ್ರು. ಸದ್ಯಕ್ಕೆ ಅದು ಹಿತ್ತಲ ಗೋಡೆಗೆ ಒರಗಿದೆ. ತಂಗಿ ಬಸ್ಸಲ್ಲಿ ಬರ್ತಾಳೆ, ದಿನಾ ನನ್ನ ಬೈಕೊಂಡು.