ಜೋಳದ ರೊಟ್ಟಿ

ಜೋಳದ ಹಿಟ್ಟನ್ನು ಕುದಿಯುವ ನೀರಿನಲ್ಲಿ ಕಲಸಿ, ನಾದಿ, ಅಂಗೈಯಿಂದ ತೆಳ್ಳಗೆ ಬಡಿದು, ಕಾದ ಹಂಚಿನ ಮೇಲೆ ಎಣ್ಣೆ ಸೋಕಿಸದೆ ಬೇಯಿಸಿದ ರೊಟ್ಟಿಗೆ ಜೋಳದ ರೊಟ್ಟಿ ಎಂದು ಹೆಸರು. ವಿಜಯಪುರ, ಬಾಗಲಕೋಟೆ, ಕಲಬುರಗಿ, ರಾಯಚೂರು, ಗದಗ, ಧಾರವಾಡ ಮುಂತಾದ ಜಿಲ್ಲೆಗಳಲ್ಲಿ ಇದು ನಿತ್ಯದ ಊಟವಾಗಿದ್ದು, ಗಡಿಯಾಚೆಯ ಸೊಲ್ಲಾಪುರದ ಕಡೆ ಮರಾಠಿಗರು ಇದನ್ನೇ ಭಾಕರಿ ಎನ್ನುತ್ತಾರೆ. ರಾಗಿಮುದ್ದೆ ಮತ್ತು ಅಕ್ಕಿರೊಟ್ಟಿಯ ನೆಲವಾದ ಪಶ್ಚಿಮ ಬೆಂಗಳೂರಿನಲ್ಲಿ, ಅಂದರೆ ಗೋವಿಂದರಾಜನಗರ, ವಿಜಯನಗರ, ಬಸವೇಶ್ವರನಗರಗಳಲ್ಲಿ, ದುಡಿಮೆಗಾಗಿ ಬಂದು ನೆಲೆಸಿದ ಉತ್ತರ ಕರ್ನಾಟಕದ ಕುಟುಂಬಗಳ ಜೊತೆಗೂ ಅವರ ಖಾನಾವಳಿಗಳ ಜೊತೆಗೂ ಈ ರೊಟ್ಟಿ ಬೇರೂರಿದೆ.

ಬೆಂಗಳೂರಿನ ಮನೆಗಳಲ್ಲಿ ಈ ರೊಟ್ಟಿಯನ್ನು ಮೊದಲ ಸಲ ಮಾಡಹೊರಟವರು ಎಡವುವುದು ಹೆಸರಿನಲ್ಲಿಯೇ. ಇಲ್ಲಿ ಜೋಳ ಎಂದರೆ ಬೀದಿಬದಿಯಲ್ಲಿ ಕೆಂಡದ ಮೇಲೆ ಸುಟ್ಟು, ಉಪ್ಪು, ಖಾರ, ನಿಂಬೆರಸ ಸವರಿಕೊಡುವ ತೆನೆಯೇ ಹೆಚ್ಚಿನವರ ನೆನಪಿಗೆ ಬರುತ್ತದೆ. ಆ ತೆನೆ ಸಿಪ್ಪೆಯ ಮುಸುಕು ಹೊದ್ದಿರುವುದರಿಂದ ಮುಸುಕಿನ ಜೋಳ. ದಾವಣಗೆರೆಯ ಕಡೆ ಅದು ಮೆಕ್ಕೆಜೋಳ, ಹಾವೇರಿ ಧಾರವಾಡಗಳಲ್ಲಿ ಗೋವಿನಜೋಳ. ರೊಟ್ಟಿಯ ಜೋಳವಾದರೋ ಬಿಳಿಜೋಳ, ಕಪ್ಪು ಮಣ್ಣಿನಲ್ಲಿ ಹಿಂಗಾರಿಗೆ ಬಿತ್ತಿ ಬೇಸಿಗೆಯ ಹೊತ್ತಿಗೆ ಕೊಯ್ಯುವ, ಮುತ್ತಿನಂತಹ ದುಂಡುಕಾಳಿನ ಬೇರೆಯೇ ಧಾನ್ಯ. ಮಾಲ್ದಂಡಿ ಎಂದು ರೈತರು ಕರೆಯುವ ಎಂ 35-1 ತಳಿಯ ಕಾಳನ್ನು ರೊಟ್ಟಿಗೆ ಇಂದಿಗೂ ಮೇಲೆಂದು ಎಣಿಸಲಾಗುತ್ತದೆ. ಮುಸುಕಿನ ಜೋಳ ಅಮೆರಿಕ ಖಂಡದ ಬೆಳೆಯಾಗಿದ್ದು, ಕೊಲಂಬಸನ ಯಾನದ ನಂತರವೇ ಹೊರಜಗತ್ತಿಗೆ ಬಂದಿತು. ಆದುದರಿಂದ ಹಳಗನ್ನಡದಲ್ಲಿ ಬರುವ ಜೋಳ ಬಿಳಿಜೋಳದ ಕುಲದ್ದೇ ಆಗಬೇಕು. ಅನ್ನವಿಟ್ಟ ಒಡೆಯನಿಗಾಗಿ ಪ್ರಾಣ ಕೊಡುವ ಹೊಣೆಯನ್ನು ಹಳಗನ್ನಡವು ‘ಜೋಳವಾಳಿ’ ಎಂದು ಕರೆಯಿತು. ಉಪ್ಪಿನ ಋಣ ಎಂದು ಈಗ ಹೇಳುವ ಕಡೆ ಅಂದು ಜೋಳದ ಋಣವನ್ನು ಹೇಳುತ್ತಿದ್ದರು ಎಂಬುದರಿಂದ ಈ ಕಾಳಿಗಿದ್ದ ಸ್ಥಾನ ತಿಳಿಯುತ್ತದೆ.

ಗೋದಿಹಿಟ್ಟಿಗೆ ನೀರು ಬೆರೆತಾಗ ಗ್ಲುಟೆನ್ ಎಂಬ ಅಂಟುಪದಾರ್ಥ ಉಂಟಾಗಿ ಹಿಟ್ಟು ಎಳೆದಂತೆ ಹಿಗ್ಗುತ್ತದೆ. ಜೋಳದಲ್ಲಿ ಗ್ಲುಟೆನ್ ಇಲ್ಲವಾದ್ದರಿಂದ ತಣ್ಣೀರಿನಲ್ಲಿ ಕಲಸಿದ ಹಿಟ್ಟು ಬಡಿಯುವಾಗಲೇ ಹರಿದುಹೋಗುತ್ತದೆ. ಆ ಕೊರತೆಯನ್ನು ತುಂಬುವುದು ಎಸರು, ಅಂದರೆ ಕುದಿನೀರು: ಸುಮಾರು 70 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಹಿಟ್ಟಿನ ಪಿಷ್ಟವು ನೀರು ಹೀರಿ ಉಬ್ಬಿ, ಗಂಜಿಯಂತೆ ಅಂಟಾಗಿ, ಉಳಿದ ಹಿಟ್ಟನ್ನು ಹಿಡಿದಿಡುತ್ತದೆ. ಈ ಅಂಟಿಗೆ ರೊಟ್ಟಿ ಬಲ್ಲವರು ಜಿಗಿ ಎನ್ನುತ್ತಾರೆ. ಹಿಟ್ಟು ಹಳತಾದಷ್ಟೂ ಜಿಗಿ ಕುಂದಿ, ಕಾಳಿನೊಳಗಿನ ಎಣ್ಣೆಯ ಅಂಶ ಕೆಟ್ಟು, ಕಮಟು ವಾಸನೆಯೂ ಕಹಿಯೂ ಬರುವುದರಿಂದ, ಹತ್ತು ಹದಿನೈದು ದಿನಕ್ಕೆ ಆಗುವಷ್ಟನ್ನೇ ಬೀಸಿಸಿಕೊಳ್ಳುವುದು ರೂಢಿ. ರಾಗಿ ಬೀಸಿದ ಬೆನ್ನಿಗೇ ಜೋಳ ಹಾಕಿಸಿದರೆ ಗಿರಣಿಯಲ್ಲಿ ಉಳಿದ ರಾಗಿಹಿಟ್ಟು ಬೆರೆತು ರೊಟ್ಟಿ ಬೂದುಬಣ್ಣಕ್ಕೆ ತಿರುಗುತ್ತದೆ. ಬೆಂಗಳೂರಿನ ಗಿರಣಿಗಳಲ್ಲಿ ಇದನ್ನು ವಿಶೇಷವಾಗಿ ಗಮನಿಸಬೇಕು.

ಎರಡು ಲೋಟ ಹಿಟ್ಟಿಗೆ ಸುಮಾರು ಒಂದೂವರೆ ಲೋಟ ನೀರು ಬೇಕಾಗುತ್ತದೆ. ಹಿಟ್ಟು ಹೀರುವುದನ್ನು ನೋಡಿಕೊಂಡು ಸ್ವಲ್ಪ ಹೆಚ್ಚುಕಡಿಮೆ ಮಾಡಬಹುದು. ಪರಾತದಲ್ಲಿ, ಅಂದರೆ ಅಂಚಿರುವ ಅಗಲ ತಟ್ಟೆಯಲ್ಲಿ, ಹಿಟ್ಟನ್ನು ಗುಡ್ಡೆ ಮಾಡಿ, ನಡುವೆ ಗುಳಿ ತೆಗೆದು, ಕುದಿಯುತ್ತಿರುವ ನೀರನ್ನು ಸುರಿದು ಸೌಟಿನ ಹಿಡಿಯಿಂದ ಕಲಸಿ, ಕೈ ತಾಳುವಷ್ಟು ಬಿಸಿ ಉಳಿದಿರುವಾಗಲೇ ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದಬೇಕು. ಹಿಟ್ಟನ್ನೆಲ್ಲ ಒಮ್ಮೆಗೇ ನಾದಿಟ್ಟರೆ ಬಿರಿಯುತ್ತದೆಯಾದ್ದರಿಂದ, ಒಂದೊಂದು ರೊಟ್ಟಿಗಾಗುವಷ್ಟನ್ನು ತೆಗೆದು, ಕೈ ಒದ್ದೆ ಮಾಡಿಕೊಂಡು ಮತ್ತೆ ಮಿದ್ದು, ಬಿರುಕಿಲ್ಲದ ಉಂಡೆ ಕಟ್ಟುವುದೇ ಈ ಕಸುಬಿನ ಅರ್ಧ ಭಾಗ. ಒಣಹಿಟ್ಟು ಉದುರಿಸಿದ ಹಲಗೆಯ ಮೇಲೆ ಉಂಡೆಯನ್ನಿಟ್ಟು ಬಲಗೈಯಿಂದ ಬಡಿಯುವಾಗ, ಎಡಗೈ ಬೆರಳುಗಳು ಅಂಚನ್ನು ಒಡೆಯದಂತೆ ಕಾಯುತ್ತವೆ, ಪ್ರತಿ ಪೆಟ್ಟಿಗೂ ರೊಟ್ಟಿ ತಾನಾಗಿ ಸ್ವಲ್ಪ ಸ್ವಲ್ಪ ತಿರುಗುತ್ತ ಅಗಲವಾಗುತ್ತದೆ. ಉತ್ತರ ಕರ್ನಾಟಕದ ಊರುಗಳಲ್ಲಿ ಅಡುಗೆಯ ಹೊತ್ತನ್ನು ಓಣಿಗೆಲ್ಲ ಸಾರುತ್ತಿದ್ದುದು ಈ ಸದ್ದೇ.

ಬಡಿದ ರೊಟ್ಟಿಯನ್ನು ಒಣಹಿಟ್ಟು ಹತ್ತಿದ ಮಗ್ಗುಲು ಮೇಲಾಗುವಂತೆ ಕಾದ ಹಂಚಿಗೆ (ಬೆಂಗಳೂರಿನವರ ಕಾವಲಿಗೆ) ಹಾಕಿ, ತಕ್ಷಣ ನೀರದ್ದಿದ ಬಟ್ಟೆಯಿಂದ ಮೇಲೆಲ್ಲ ಸವರುತ್ತಾರೆ. ಇದರಿಂದ ಒಣಹಿಟ್ಟು ತೊಳೆದುಹೋಗುವುದಲ್ಲದೆ ಮೇಲ್ಪದರ ಬೇಗ ಒಣಗಿ ಬಿರಿಯುವುದೂ ತಪ್ಪುತ್ತದೆ. ನೀರಿನ ಪಸೆ ಆರುತ್ತಿದ್ದಂತೆ ಮಗುಚಿ, ಬೆಂದ ಮೇಲೆ ಉರಿಗೇ ಹಿಡಿದರೆ, ಒಳಗಿನ ಹಬೆ ಎರಡು ಪದರಗಳನ್ನು ಬಿಡಿಸಿ ರೊಟ್ಟಿಯನ್ನು ಪೂರಿಯಂತೆ ಉಬ್ಬಿಸುತ್ತದೆ. ಎಲ್ಲಿಯೋ ಒಂದು ಸಣ್ಣ ತೂತಿದ್ದರೂ ಹಬೆ ಸೋರಿಹೋಗಿ ರೊಟ್ಟಿ ಉಬ್ಬುವುದಿಲ್ಲ.

ಮುಸುಕಿನ ಜೋಳದ ಹಿಟ್ಟಿನಿಂದಲೂ ರೊಟ್ಟಿಯಾಗುತ್ತದೆ. ಪಂಜಾಬಿನ ಮಕ್ಕಿ ಕಿ ರೋಟಿ ಅದೇ. ಆ ಹಿಟ್ಟು ತರಿಯಾಗಿದ್ದು ಜಿಗಿ ಕಡಿಮೆಯಿರುವುದರಿಂದ ತುಸು ದಪ್ಪವಾಗಿಯೇ ತಟ್ಟಬೇಕು. ಈರುಳ್ಳಿ, ಹಸಿಮೆಣಸಿನಕಾಯಿ, ಸಬ್ಬಸಿಗೆ ಸೊಪ್ಪು ಸೇರಿಸಿ, ಎಣ್ಣೆ ಸವರಿದ ಕಾವಲಿಯ ಮೇಲೆಯೇ ಅಕ್ಕಿರೊಟ್ಟಿಯಂತೆ ತಟ್ಟುವುದು ಬೆಂಗಳೂರಿನ ಕೈಗೆ ಸುಲಭದ ದಾರಿ. ಮೆಕ್ಸಿಕೋದವರು ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ಅರೆದು ತೋರ್ತಿಯಾ ಮಾಡುತ್ತಾರೆ. ಇದರಿಂದ ಹಿಟ್ಟಿಗೆ ಅಂಟು ಬರುವುದರ ಜೊತೆಗೆ ಕಾಳಿನಲ್ಲಿ ಬಂಧಿತವಾಗಿರುವ ನಯಾಸಿನ್ ಎಂಬ ಜೀವಸತ್ವವೂ ದೇಹಕ್ಕೆ ದಕ್ಕುತ್ತದೆ. ನಯಾಸಿನ್ ಕೊರತೆಯಿಂದ ಚರ್ಮ ಸುಲಿಯುವ ಪೆಲಾಗ್ರಾ ರೋಗವು ದಖ್ಖನಿನಲ್ಲಿ ಬರಿಯ ಬಿಳಿಜೋಳವನ್ನೇ ಉಣ್ಣುತ್ತಿದ್ದ ಬಡವರಲ್ಲೂ ಇದ್ದುದನ್ನು ಹೈದರಾಬಾದಿನ ಪೌಷ್ಟಿಕಾಂಶ ವಿಜ್ಞಾನಿ ಸಿ. ಗೋಪಾಲನ್ ಮತ್ತು ಅವರ ಸಂಗಡಿಗರು 1960ರ ದಶಕದಲ್ಲಿ ವಿವರಿಸಿದರು. ಆದ್ದರಿಂದ ರೊಟ್ಟಿಯ ಪಕ್ಕದಲ್ಲಿ ಮಡಿಕೆಕಾಳು, ಪುಂಡಿಪಲ್ಯ, ಶೇಂಗಾ ಹಿಂಡಿ, ಗುರೆಳ್ಳು ಚಟ್ನಿ, ಮೊಸರು ಇರಬೇಕೆಂಬ ರೂಢಿಯನ್ನು ಕೇವಲ ರುಚಿಯ ಮಾತೆಂದು ತಳ್ಳಿಹಾಕಲಾಗದು. ಎಣ್ಣೆಗಾಯಿಯೊಂದನ್ನೇ ರೊಟ್ಟಿಗೆ ಜೋಡಿಯೆಂದು ತಿಳಿದಿರುವುದು ಖಾನಾವಳಿಯ ಊಟದಿಂದ ಬಂದ ಅಭ್ಯಾಸ.

ಬೆಂದ ರೊಟ್ಟಿಯನ್ನು ಸಣ್ಣ ಉರಿಯಲ್ಲಿ ಬಟ್ಟೆಯಿಂದ ಒತ್ತುತ್ತ ತೇವವೆಲ್ಲ ಆರುವವರೆಗೆ ಬಿಟ್ಟರೆ ಅದು ಹಪ್ಪಳದಂತೆ ಗರಿಗರಿಯಾದ ಖಡಕ್ ರೊಟ್ಟಿಯಾಗುತ್ತದೆ. ಕೊಪ್ಪಳದ ಗವಿಮಠದ ಜಾತ್ರೆಯ ದಾಸೋಹಕ್ಕೆ ಊರೂರುಗಳ ಮನೆಗಳಿಂದ ಹೊರೆಗಟ್ಟಲೆ ಬರುವುದೂ, ಗದಗ ಜಿಲ್ಲೆಯ ಡಂಬಳದ ರೊಟ್ಟಿ ಜಾತ್ರೆಯಲ್ಲಿ ಪ್ರಸಾದವಾಗಿ ಬಡಿಸುವುದೂ ಇದೇ ರೊಟ್ಟಿಯನ್ನು. ವಿಜಯನಗರದ ಅಂಗಡಿಗಳಲ್ಲಿ ಈಗ ಖಡಕ್ ರೊಟ್ಟಿ ಕಟ್ಟುಗಳಲ್ಲಿ ಸಿಗುತ್ತದೆಯಾದರೂ, ಉಬ್ಬಿದ ಬಿಸಿರೊಟ್ಟಿಯನ್ನು ಯಾವ ಅಂಗಡಿಯೂ ಕಟ್ಟಿಕೊಡಲಾರದು. ಹಂಚಿನಿಂದಿಳಿಸಿದ ಕೆಲವೇ ನಿಮಿಷಗಳಲ್ಲಿ ಅದು ಬಿರುಸಾಗತೊಡಗುವುದರಿಂದ, ಅದನ್ನು ಒಲೆಯ ಬಳಿಯಲ್ಲೇ ಕುಳಿತು ತಿನ್ನಬೇಕು.