ಕಾರ್ಬ್ಯುರೇಟರಿನ ಉಸಿರುಗಿಂಡಿಗಳು

1960ರ ದಶಕದ ಅಮೆರಿಕನ್ ಕಾರ್ಬ್ಯುರೇಟರ್. ಒಳಗು ಕಾಣಲೆಂದು ಸೀಳಿಡಲಾಗಿದೆ.

ಫ್ಲೋಟ್ ಚೇಂಬರಿಗೆ ಗಾಳಿ ಬಾರದಿದ್ದರೆ ಪೆಟ್ರೋಲು ಜೆಟ್ಟಿನತ್ತ ಹರಿಯದು. ಒಂದೇ ತೂತು ಕೊರೆದ ಎಣ್ಣೆ ಡಬ್ಬ ಬಗ್ಗಿಸಿದವರಿಗೆ ಇದು ಗೊತ್ತು.

ಗಾಳಿಬಾಯಿಯೊಳಗೆ ನಿಂತ ಓರೆ ಕೊಳವೆಯೇ ಒಳಗಿಂಡಿ. ಏರ್ ಫಿಲ್ಟರಿನಲ್ಲಿ ಧೂಳು ಕಟ್ಟಿ ಒತ್ತಡ ಇಳಿದರೆ ಚೇಂಬರಿನಲ್ಲೂ ಅಷ್ಟೇ ಇಳಿಯುತ್ತದೆ. ಮಿಶ್ರಣ ಹದ ತಪ್ಪುವುದಿಲ್ಲ.

ಮೇಲಿನ ಪುಟ್ಟ ಮುಚ್ಚಳ ಹೊರಗಿಂಡಿ. ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ತೆರೆದುಕೊಳ್ಳುತ್ತದೆ. ಓಡಿ ಬಂದು ನಿಂತ ಎಂಜಿನ್ನಿನ ಕಾವಿಗೆ ಚೇಂಬರಿನ ಪೆಟ್ರೋಲು ಕುದಿಯುವುದುಂಟು. ಆ ಆವಿ ಒಳಗೇ ತುಂಬಿಕೊಂಡರೆ ಗಾಡಿ ಮತ್ತೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ. ಈ ಕಿಂಡಿಯಿಂದ ಹೊರಬಿದ್ದ ಆವಿಗೂ ಹಳೆಯ ಗ್ಯಾರೇಜುಗಳ ಪೆಟ್ರೋಲು ವಾಸನೆಯಲ್ಲಿ ಪಾಲಿತ್ತು.

1970ರ ಮಾದರಿಗಳಿಂದ ಕ್ಯಾಲಿಫೋರ್ನಿಯಾ, ಮರುವರ್ಷ ಇಡೀ ಅಮೆರಿಕ ಈ ಆವಿಗೆ ಕಡಿವಾಣ ಹಾಕಿತು. ಮುಂದೆ ಹೊರಗಿಂಡಿಯ ಕೊಳವೆ ಇದ್ದಿಲು ತುಂಬಿದ ಡಬ್ಬಿಯತ್ತ ತಿರುಗಿತು.