ಕವಾಸಜಿಯ ನಾಸಾಸಂಧಾನ

ಗೋಣಿಕೊಪ್ಪಲಿಗೆ ಸಮೀಪವಾದ ವೀರರಾಜಪೇಟೆಯು, ಕೊಡಗಿನ ದೊಡ್ಡ ವೀರರಾಜೇಂದ್ರನು ಜನರಲ್ ಅಬರ್‌ಕ್ರೋಂಬಿಯೊಡನೆ ನಡೆಸಿದ ಭೇಟಿಯ ಸ್ಮರಣಾರ್ಥವಾಗಿ 1792ರಲ್ಲಿ ಕಟ್ಟಿಸಿದ ಊರೆಂಬುದು ಚರಿತ್ರಾಭ್ಯಾಸಿಗಳಿಗೆ ವಿದಿತವೇ ಆಗಿದೆ. ರಾಜನು 1790ರಲ್ಲಿ ಕುಂಪಣಿಯೊಡನೆ ಮಾಡಿಕೊಂಡ ಒಡಂಬಡಿಕೆಯ ಮೇರೆಗೆ ಮುಂಬಯಿಯ ಸೈನ್ಯವು ಮಲೆಯಾಳದಿಂದ ಘಟ್ಟವನ್ನೇರಿ, ಕೊಡಗಿನ ಮೂಲಕ ಶ್ರೀರಂಗಪಟ್ಟಣದ ಕಡೆಗೆ ನಡೆಯಿತು. ಪಟ್ಟಣದ ಬಳಿಯಲ್ಲಿ ಈ ಸೈನ್ಯವನ್ನು ಬಂದು ಸೇರಿದ ಒಬ್ಬ ಎತ್ತಿನಾಳಿನ ವೃತ್ತಾಂತವು ಶಸ್ತ್ರವೈದ್ಯದ ಇತಿಹಾಸದಲ್ಲಿ ಶಾಶ್ವತವಾಗಿ ನಿಂತಿದೆ.

ಆತನ ಹೆಸರು ಕವಾಸಜಿ. ಲಂಡನ್ನಿನ ‘ಜೆಂಟಲ್‌ಮನ್ಸ್ ಮ್ಯಾಗಜೀನ್’ ಪತ್ರಿಕೆಯ 1794ನೆಯ ಅಕ್ಟೋಬರ್ ಸಂಚಿಕೆಯಲ್ಲಿ ಅಚ್ಚಾದ ಪತ್ರವು ಆತನನ್ನು ಮರಾಠ ಒಕ್ಕಲಿಗನೆಂದೂ, ಟೀಪುವಿಗೆ ಸೆರೆಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡವನೆಂದೂ ಹೇಳುತ್ತದೆ. ಹನ್ನೆರಡು ತಿಂಗಳಿಗೂ ಮೇಲ್ಪಟ್ಟು ವಿಕೃತಮುಖನಾಗಿದ್ದು, ಬಳಿಕ ಪುಣೆಯ ಸಮೀಪದ, ಇಟ್ಟಿಗೆ ಮಾಡುವ ಜಾತಿಯ ಒಬ್ಬನಿಂದ ಹೊಸ ಮೂಗನ್ನು ಪಡೆದನು.

ವಿಧಾನವು ಹೀಗಿದೆ: ಮೇಣದ ತೆಳುಬಿಲ್ಲೆಯಿಂದ ಮೂಗಿನ ಅಚ್ಚನ್ನು ಮಾಡಿ, ಅದನ್ನು ಹಣೆಯ ಮೇಲೆ ಚಪ್ಪಟೆಯಾಗಿ ಹರಡಿ, ಸುತ್ತಲೂ ಗೆರೆಯೆಳೆದು, ಅಷ್ಟು ಚರ್ಮವನ್ನು ಬಿಡಿಸುವುದು, ಕಣ್ಣುಗಳ ನಡುವೆ ಒಂದು ಸಣ್ಣ ಪಟ್ಟಿಯನ್ನು ಮಾತ್ರ ಕತ್ತರಿಸದೆ ಉಳಿಸುವುದು, ಮೊಂಡುಮೂಗಿನ ಹಳೆಯ ಗಾಯದ ಅಂಚನ್ನು ಹೆರೆದು, ಚರ್ಮವನ್ನು ತಿರುಚಿ ಅಲ್ಲಿ ಕೂಡಿಸುವುದು. ಕಾಚನ್ನು ನೀರಿನಲ್ಲಿ ಮೆದುಮಾಡಿ ಸವರಿದ ಬಟ್ಟೆಗಳೇ ಮೊದಲ ನಾಲ್ಕು ದಿನದ ಕಟ್ಟು. ಅನಂತರ ತುಪ್ಪದ ಬಟ್ಟೆ. ರೋಗಿಯು ಐದಾರು ದಿನ ಅಂಗಾತನಾಗಿ ಮಲಗಿರಬೇಕು. ಹತ್ತನೆಯ ದಿನ ಹೊಳ್ಳೆಗಳು ಮುಚ್ಚದಂತೆ ಮೃದುವಾದ ಬಟ್ಟೆಯನ್ನಿಡಬೇಕು. ಸುಮಾರು 25ನೆಯ ದಿನ ಆ ಪಟ್ಟಿಯನ್ನು ಕತ್ತರಿಸಬೇಕು.

ಈ ಕ್ರಿಯೆಯ ಸುರಕ್ಷತೆಯೆಲ್ಲವೂ ಆ ಸಣ್ಣ ಪಟ್ಟಿಯಲ್ಲಿಯೇ ಇದೆ. ಹೊಸ ಸ್ಥಾನದಲ್ಲಿ ಚರ್ಮವು ಬೇರೂರುವವರೆಗೆ ರಕ್ತವು ಅದರ ಮೂಲಕವೇ ಹರಿಯಬೇಕು. ಬೇಗನೆ ಕತ್ತರಿಸಿದರೆ ಮೂಗು ಕೊಳೆತು ಬೀಳುವುದು. ಇಂದಿನ ಶಸ್ತ್ರವೈದ್ಯರೂ ಹಣೆಯ ಚರ್ಮದಿಂದ ಮೂಗನ್ನು ಕಟ್ಟುವಾಗ ಸಾಮಾನ್ಯವಾಗಿ ಮೂರು ವಾರಗಳಷ್ಟು ಕಾದೇ ಅದನ್ನು ಬೇರ್ಪಡಿಸುತ್ತಾರೆ.

ಸಂಸ್ಕೃತ ಪಾಠಶಾಲೆಗಳಲ್ಲಿ ಓದಿದ ನಮ್ಮಂಥವರು ಇದನ್ನು ಕೇಳಿದೊಡನೆ ‘ಇದು ಸುಶ್ರುತನದೇ’ ಎನ್ನುವುದುಂಟು. ಸೂತ್ರಸ್ಥಾನದ 16ನೆಯ ಅಧ್ಯಾಯದಲ್ಲಿ ನಾಸಾಸಂಧಾನವಿಧಿಯಿರುವುದು ನಿಜ. ಆದರೆ ಅಲ್ಲಿ ಅಳತೆಗೆ ಮೇಣವಲ್ಲ, ಮರದ ಎಲೆ. ಚರ್ಮವನ್ನು ತೆಗೆಯುವುದು ಹಣೆಯಿಂದಲ್ಲ, ಗಂಡಪಾರ್ಶ್ವದಿಂದ, ಎಂದರೆ ಕೆನ್ನೆಯಿಂದ. ಉಸಿರಿಗಾಗಿ ಎರಡು ನಾಳಗಳು. ಲೇಪಕ್ಕೆ ಪತ್ತಂಗ, ಯಷ್ಟಿಮಧು, ಅಂಜನಗಳ ಚೂರ್ಣ. ಮೇಲೆ ಬಿಳಿಯ ಹತ್ತಿ, ಎಳ್ಳೆಣ್ಣೆ. ಆದುದರಿಂದ ಪುಣೆಯ ಶಿಲ್ಪಿಯು ಗ್ರಂಥವನ್ನು ಅನುಸರಿಸಿದನೆಂದು ಸಾಧಿಸಲಾಗದು. ಎರಡಕ್ಕೂ ಸಮಾನವಾದುದು ತತ್ತ್ವ ಮಾತ್ರ. ಅದೇ ಅಧ್ಯಾಯದ ಕರ್ಣಪಾಲೀವಿಧಿಯಲ್ಲಿ ಕೆನ್ನೆಯ ಮಾಂಸವು ‘ಸಾನುಬಂಧ’ವೂ ಜೀವಂತವೂ ಆಗಿರಬೇಕೆಂದು ವಿಧಿಸಿದೆ. ನಾಸಾವಿಧಿಯಲ್ಲಿ ವೈದ್ಯನಿಗೆ ಕೊಟ್ಟ ವಿಶೇಷಣ ‘ಅಪ್ರಮತ್ತ’. ಕೂಡಿದ ಮೂಗು ಕಿರಿದಾದರೆ ಬೆಳೆಸಲು ಯತ್ನಿಸಬೇಕು, ಮಾಂಸವು ಮಿತಿಮೀರಿದರೆ ಸಮಮಾಡಬೇಕು ಎಂದೂ ಹೇಳಿದೆ. ಫಲದ ನ್ಯೂನತೆಯನ್ನು ಮುಂದಾಗಿಯೇ ಒಪ್ಪಿಕೊಂಡಿರುವ ಶಾಸ್ತ್ರವಿದು.

ಲಂಡನ್ನಿನ ಪತ್ರವಾದರೋ ಈ ಕ್ರಿಯೆಯು ಬಹುತರವಾಗಿ ಸಫಲವಾಗುವುದೆಂದು ಹೇಳುತ್ತದೆಯೇ ಹೊರತು ಎಷ್ಟು ಮಂದಿಯಲ್ಲಿ ಎಷ್ಟು ಮಂದಿಗೆಂದು ಎಣಿಸುವುದಿಲ್ಲ. ಅದರ ಪ್ರತ್ಯಕ್ಷ ಸಾಕ್ಷ್ಯವು ಒಂದೇ ಮುಖ: ಶಸ್ತ್ರಕ್ರಿಯೆಯಾದ ಹತ್ತು ತಿಂಗಳ ಮೇಲೆ, 1794ರ ಜನವರಿಯಲ್ಲಿ ಬರೆದ ಕವಾಸಜಿಯ ಚಿತ್ರ. ಒಂದು ಮುಖದಿಂದ ಸಾಧ್ಯತೆಯು ಸಿದ್ಧವಾಗುವುದು, ನಿಯಮವು ಸಿದ್ಧವಾಗದು. ನಮ್ಮ ಪ್ರಾಚೀನರ ಹಿರಿಮೆಯನ್ನು ಹೇಳುವಾಗ ಈ ವಿವೇಕವನ್ನು ಬಿಡಬಾರದು.

ಆ ಪತ್ರವನ್ನೋದಿದ ಜೋಸೆಫ್ ಕಾರ್ಪ್ಯೂ ಎಂಬ ಲಂಡನ್ನಿನ ಶಸ್ತ್ರವೈದ್ಯನು ಮೊದಲು ಶವಗಳ ಮೇಲೆ ಅಭ್ಯಾಸ ಮಾಡಿ, 1814ರ ಅಕ್ಟೋಬರ್ 23ರಂದು ಜೀವಂತ ರೋಗಿಗೆ ಕ್ರಿಯೆಯನ್ನು ನಡೆಸಿ, ತನ್ನ ಇಬ್ಬರು ರೋಗಿಗಳ ವೃತ್ತಾಂತವನ್ನು 1816ರಲ್ಲಿ ಪ್ರಕಟಿಸಿದನು. ‘ಅಪ್ರಮತ್ತ’ ಎಂಬ ವಿಶೇಷಣವು ಆತನಿಗೂ ಸಲ್ಲುತ್ತದೆ. ಕ್ರಿಯೆಯನ್ನು ಕಂಡಿದ್ದ ಕ್ರೂಸೋ ಮೊದಲಾದ ಮುಂಬಯಿ ವೈದ್ಯರ ಹೆಸರುಗಳು ಪತ್ರದಲ್ಲಿವೆ. ರೋಗಿಯ ಹೆಸರೂ ಇದೆ. ಮೂಗನ್ನು ಕಟ್ಟಿದವನನ್ನು ಮಾತ್ರ ಜಾತಿಯಿಂದಲೇ ಗುರುತಿಸಿ ಬಿಟ್ಟಿದೆ.